ಓದುಗರ ಪ್ರಶ್ನೆ: ಕೆಪ್ಯಾಸಿಟರ್‌ಗಳು ಯಾಕೆ ಖಾಲಿಯಾಗುತ್ತಿವೆ?

ಹೋದ ಸಂಚಿಕೆಯಲ್ಲಿ ಮಲ್ಟಿಲೆವೆಲ್ ಕನ್ವರ್ಟರ್‌ಗಳ ಬಗ್ಗೆ ಬರೆದಿದ್ದೆ. ಒಂದು ದೊಡ್ಡ ಸ್ವಿಚ್ಚಿನ ಬದಲು ಚಿಕ್ಕ ಚಿಕ್ಕ ಸ್ವಿಚ್ಚುಗಳನ್ನು ಸಾಲಾಗಿ ಜೋಡಿಸಿ, ಮೆಟ್ಟಿಲು ಮೆಟ್ಟಿಲಾಗಿ ದೊಡ್ಡ ವೋಲ್ಟೇಜ್ ಕಟ್ಟುವ ವಿಧಾನ ಅದು. ಅದನ್ನು ಓದಿ ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಕೇಳಿದ್ದು ಕರೆಂಟ್ ಹಿಡಿತದ ಬಗ್ಗೆ. ನನಗೆ ತುಂಬಾ ಸಂತೋಷವಾಯಿತು. ಪೀಣ್ಯದಲ್ಲಿ ಕನ್ವರ್ಟರ್ ಟೆಸ್ಟಿಂಗ್ ಮಾಡುತ್ತಿದ್ದಾಗಿನಿಂದ ನನಗೆ ಬಹಳ ಇಷ್ಟವಾದ ವಿಷಯ ಇದು. ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ಅದರಲ್ಲಿ ಕೇಳಿರುವುದು ಈ ವಿಷಯದ ಬುಡವನ್ನೇ.

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಾವು ನಾಲ್ಕು ಜನ ಸೇರಿ ಮೂರು ಫೇಸಿನ ಮಾಡ್ಯುಲರ್ ಮಲ್ಟಿಲೆವೆಲ್ ಕನ್ವರ್ಟರ್ ಕಟ್ಟಿದ್ದೇವೆ. ಡಿ.ಸಿ. 200 ವೋಲ್ಟ್. ಒಂದೊಂದು ಆರ್ಮ್‌ನಲ್ಲಿ (ಫೇಸಿನ ಮೇಲಿನ ಅಥವಾ ಕೆಳಗಿನ ಅರ್ಧ) 4 ಹಾಫ್ ಬ್ರಿಡ್ಜ್ ಸಬ್‌ಮಾಡ್ಯೂಲ್ (ಎರಡು ಸ್ವಿಚ್ಚು, ಒಂದು ಕೆಪ್ಯಾಸಿಟರ್ ಇರುವ ಘಟಕ), ಒಂದೊಂದರಲ್ಲೂ 2200 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಆರ್ಮ್ ಇಂಡಕ್ಟರ್ 2 ಮಿಲಿಹೆನ್ರಿ. ಲೋಡ್ 600 ವಾಟ್, ಮಾಡ್ಯುಲೇಶನ್ (ಸಿಗಬಹುದಾದ ವೋಲ್ಟೇಜ್‌ನಲ್ಲಿ ಬಳಸುವ ಪಾಲು) 0.85. ಔಟ್‌ಪುಟ್ ಕರೆಂಟ್ ಚೆನ್ನಾಗಿದೆ, ಆದರೆ ಆರ್ಮ್ ಕರೆಂಟ್‌ನಲ್ಲಿ 100 ಹರ್ಟ್ಸ್ ತುಂಬಾ ಕಾಣುತ್ತದೆ. ಸರ್ಕ್ಯುಲೇಟಿಂಗ್ ಕರೆಂಟ್ ಸೊನ್ನೆ ಮಾಡಿ ಎಂದು ಗೈಡ್ ಹೇಳಿದರು. ಅದಕ್ಕೊಂದು ಪಿಐ ಕಂಟ್ರೋಲರ್ (ಗುರಿಗೂ ಅಳತೆಗೂ ಇರುವ ವ್ಯತ್ಯಾಸ ಮತ್ತು ಅದರ ಮೊತ್ತ ನೋಡಿ ತಿದ್ದುವಂಥದ್ದು) ಹಾಕಿದೆವು. ಆನ್ ಮಾಡಿದ ಕೂಡಲೇ ಕೆಪ್ಯಾಸಿಟರ್ ವೋಲ್ಟೇಜ್ ಎಲ್ಲಾ ಕುಸಿಯುತ್ತದೆ. ಎಲ್ಲಿ ತಪ್ಪಾಗಿದೆ? ಕರೆಂಟ್ ನೋಡಲು ರೊಗೋವ್‌ಸ್ಕಿ ಕಾಯಿಲ್ (ತಂತಿಯ ಸುತ್ತ ಹಾಕುವ ಸುರುಳಿ) ಬಳಸುತ್ತಿದ್ದೇವೆ.
— ವಿದ್ಯಾರ್ಥಿನಿ, ವಿಜಯನಗರ

ಉತ್ತರ: ನಿಮ್ಮ ಪಿಐ ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡಿದೆ. ಸರ್ಕ್ಯುಲೇಟಿಂಗ್ ಕರೆಂಟ್ ಸೊನ್ನೆ ಮಾಡು ಎಂದಿರಿ, ಮಾಡಿತು. ಅದರ ಜೊತೆಗೆ ಕೆಪ್ಯಾಸಿಟರ್‌ಗಳಿಗೆ ಬರುತ್ತಿದ್ದ ಶಕ್ತಿಯೂ ನಿಂತುಹೋಯಿತು.

ಒಂದು ಫೇಸಿನ ಲೆಗ್ ತೆಗೆದುಕೊಳ್ಳಿ. ಮೇಲೊಂದು ಆರ್ಮ್, ಕೆಳಗೊಂದು ಆರ್ಮ್, ನಡುವಿನಿಂದ ಔಟ್‌ಪುಟ್. ಔಟ್‌ಪುಟ್ ಕರೆಂಟ್ ಎರಡು ಪಾಲಾಗುತ್ತದೆ, ಅರ್ಧ ಮೇಲಿನ ಆರ್ಮ್‌ನಿಂದ, ಅರ್ಧ ಕೆಳಗಿನದರಿಂದ. ಇದರ ಮೇಲೆ ಎರಡೂ ಆರ್ಮ್‌ನಲ್ಲಿ ಒಂದೇ ದಿಕ್ಕಿಗೆ ಹರಿಯುವ ಇನ್ನೊಂದು ಕರೆಂಟ್ ಇದೆ. ಅದು ಔಟ್‌ಪುಟ್ ಕಡೆಗೆ ತಿರುಗುವುದೇ ಇಲ್ಲ. ಮೇಲಿನಿಂದ ಕೆಳಕ್ಕೆ ನೇರ ಇಳಿಯುತ್ತದೆ. ಎರಡು ಆರ್ಮ್ ಕರೆಂಟ್‌ಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ಸಿಗುವುದು ಅದೇ. ಅದನ್ನೇ ಸರ್ಕ್ಯುಲೇಟಿಂಗ್ ಕರೆಂಟ್ ಎನ್ನುತ್ತೇವೆ. ಆದರೆ ಅದರೊಳಗೆ ಎರಡು ಬೇರೆ ಬೇರೆ ಕರೆಂಟ್‌ಗಳು ಸೇರಿಕೊಂಡಿವೆ. ಒಂದು ಡಿ.ಸಿ. ಭಾಗ. ಇನ್ನೊಂದು 100 ಹರ್ಟ್ಸ್ ಭಾಗ.

ಡಿ.ಸಿ. ಭಾಗ ಬೇಕೇ ಬೇಕು. ಡಿ.ಸಿ. ಬಸ್ಸಿನಿಂದ ಲೆಗ್ಗಿಗೆ ಶಕ್ತಿ ಬರುವುದು ಅದರಿಂದ ಮಾತ್ರ. ನಿಮ್ಮ ಲೆಕ್ಕವನ್ನೇ ಹಾಕೋಣ. 200 ವೋಲ್ಟ್, 600 ವಾಟ್ ಎಂದರೆ ಡಿ.ಸಿ. ಕರೆಂಟ್ 3 ಆಂಪಿಯರ್. ಮೂರು ಲೆಗ್ಗಿಗೆ ಹಂಚಿದರೆ ಒಂದೊಂದಕ್ಕೆ 1 ಆಂಪಿಯರ್. ಈ 1 ಆಂಪಿಯರ್ ಇಲ್ಲದಿದ್ದರೆ ಲೋಡಿಗೆ ಹೋಗುವ 200 ವಾಟ್ ಎಲ್ಲಿಂದ ಬರಬೇಕು? ಕೆಪ್ಯಾಸಿಟರ್‌ನಿಂದಲೇ ಅಲ್ವಾ? 50 ವೋಲ್ಟಿಗೆ ತುಂಬಿದ 2200 ಮೈಕ್ರೋಫ್ಯಾರಡ್‌ನಲ್ಲಿ ಇರುವುದು 2.75 ಜೂಲ್. ಒಂದು ಲೆಗ್ಗಿನ ಎಂಟರಲ್ಲೂ ಸೇರಿ 22 ಜೂಲ್. ಸೆಕೆಂಡಿಗೆ 200 ಜೂಲ್ ಎಳೆದರೆ 0.11 ಸೆಕೆಂಡಿನಲ್ಲಿ ಮುಗಿಯಿತು, ಅಂದರೆ ಐದೂವರೆ ಸೈಕಲ್. ನಿಜವಾಗಿ ವೋಲ್ಟೇಜ್ ಇಳಿದ ಹಾಗೆ ಲೋಡೂ ಇಳಿಯುವುದರಿಂದ ಇನ್ನು ಸ್ವಲ್ಪ ಹೊತ್ತು ಹಿಡಿಯಬಹುದು. ನಿಮ್ಮ ಸ್ಕೋಪಿನಲ್ಲಿ ಕಂಡ ಕುಸಿತ ಇದೇ.

ಇದು ನಿಮಗೆ ಮೊದಲೇ ಯಾಕೆ ಕಾಣಲಿಲ್ಲ ಎಂಬುದಕ್ಕೆ ಕಾರಣ ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿದೆ. ರೊಗೋವ್‌ಸ್ಕಿ ಕಾಯಿಲ್‌ಗೆ ಕಾಣುವುದು ಬದಲಾಗುವ ಕರೆಂಟ್ ಮಾತ್ರ. ಡಿ.ಸಿ. ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಆರ್ಮ್ ಕರೆಂಟ್ ಸೊನ್ನೆಯ ಎರಡೂ ಕಡೆ ಸಮನಾಗಿ ಆಡುತ್ತಿದೆ ಅನಿಸುತ್ತದೆ. ಆರ್ಮ್ ಕರೆಂಟ್ ಅಳೆಯಲು ಹಾಲ್ ಎಫೆಕ್ಟ್ ಸೆನ್ಸರ್ ಬೇಕು, ಅದಕ್ಕೆ ಡಿ.ಸಿ.ಯೂ ಕಾಣುತ್ತದೆ. ಎಸ್‌.ಪಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ. ಆರು ಆರ್ಮ್‌ಗೆ ಆರು ತನ್ನಿ. ಕಂಟ್ರೋಲರ್‌ಗೂ ಅದನ್ನೇ ಕೊಡಿ. ಎಲ್ಲಕ್ಕೂ ಮೊದಲು ಕರೆಂಟ್ ಇಲ್ಲದಾಗ ಪ್ರತಿಯೊಂದರ ಆಫ್‌ಸೆಟ್ (ಆಗಲೂ ತೋರಿಸುವ ಸುಳ್ಳು ಅಳತೆ) ಬರೆದಿಟ್ಟುಕೊಳ್ಳಿ. ಇಲ್ಲಿ ಡಿ.ಸಿ. ಭಾಗವೇ ಮುಖ್ಯವಾದ್ದರಿಂದ ಚಿಕ್ಕ ಆಫ್‌ಸೆಟ್ ಕೂಡ ತೊಂದರೆ ಕೊಡುತ್ತದೆ.

ಈಗ 100 ಹರ್ಟ್ಸ್. ಅದು ಬರುವುದು ಹೀಗೆ. ಆರ್ಮ್‌ನ ವೋಲ್ಟೇಜ್‌ನಲ್ಲಿ ಡಿ.ಸಿ. ಇದೆ, 50 ಹರ್ಟ್ಸ್ ಇದೆ. ಕರೆಂಟ್‌ನಲ್ಲೂ ಅವೆರಡೂ ಇವೆ. ಎರಡನ್ನೂ ಗುಣಿಸಿದರೆ ಆರ್ಮ್‌ಗೆ ಹೋಗುವ ಪವರ್. ಅದರಲ್ಲಿ 50 ಮತ್ತು 100 ಹರ್ಟ್ಸ್ ಏರಿಳಿತ ಬಂದೇ ಬರುತ್ತದೆ. ಕೆಪ್ಯಾಸಿಟರ್ ವೋಲ್ಟೇಜ್ ಅದರ ಜೊತೆಗೇ ಏರಿ ಇಳಿಯುತ್ತದೆ. ಮೇಲಿನ, ಕೆಳಗಿನ ಆರ್ಮ್ ಸೇರಿಸಿದಾಗ 50 ಹರ್ಟ್ಸ್ ಒಂದಕ್ಕೊಂದು ಹೊಡೆದುಹೋಗುತ್ತದೆ, 100 ಹರ್ಟ್ಸ್ ಉಳಿಯುತ್ತದೆ. ಅದನ್ನು ತಡೆಯಲು ಇರುವುದು ಆ ಎರಡು ಚಿಕ್ಕ ಇಂಡಕ್ಟರ್ ಮಾತ್ರ. ಮೂರು ಫೇಸುಗಳ 100 ಹರ್ಟ್ಸ್ ಕೂಡಿದರೆ ಸೊನ್ನೆ. ಹಾಗಾಗಿ ಅದು ಡಿ.ಸಿ. ಬಸ್ಸಿಗೂ ಬರುವುದಿಲ್ಲ, ಲೋಡಿಗೂ ಬರುವುದಿಲ್ಲ. ಮೂರು ಲೆಗ್ಗುಗಳ ಒಳಗೇ ಸುತ್ತುತ್ತಾ ಸ್ವಿಚ್ಚುಗಳನ್ನು ಕಾಯಿಸುತ್ತದೆ. ಹೊರಗಿನ ಮೀಟರ್ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಒಳಗೆ ಐಜಿಬಿಟಿ, ಅಂದರೆ ಆ ಸ್ವಿಚ್ಚು, ಬಿಸಿಯಾಗುತ್ತಿರುತ್ತದೆ. ಔಟ್‌ಪುಟ್ ಸೈನ್ ವೇವ್ ಚೆನ್ನಾಗಿದೆ ಎಂದು ತೃಪ್ತಿಪಡಬೇಡಿ ಎಂದು ನನ್ನ ಹತ್ತಿರ ಬರುವ ಮಕ್ಕಳಿಗೆ ಪದೇ ಪದೇ ಹೇಳುವುದು ಇದಕ್ಕೇ.

ನಿಮ್ಮಲ್ಲಿ ಅದು ಅಷ್ಟು ಜಾಸ್ತಿ ಇರಲು ಇನ್ನೊಂದು ಕಾರಣವೂ ಇದೆ. ಆರ್ಮ್ ಇಂಡಕ್ಟರ್ ಮತ್ತು ಕೆಪ್ಯಾಸಿಟರ್ ಸೇರಿ 100 ಹರ್ಟ್ಸ್‌ಗೆ ರೆಸೊನೆನ್ಸ್ ಆಗುವ (ತಾಳ ಕೂಡಿ ಏರಿಳಿತ ಹಲವು ಪಟ್ಟಾಗುವ) ಒಂದು ಜಾಗ ಇರುತ್ತದೆ. ನಿಮ್ಮ 4 ಸಬ್‌ಮಾಡ್ಯೂಲ್, 2200 ಮೈಕ್ರೋಫ್ಯಾರಡ್‌ಗೆ ಲೆಕ್ಕ ಹಾಕಿದರೆ, ಮಾಡ್ಯುಲೇಶನ್ 0.85 ಇದ್ದಾಗ ಅದು ಸುಮಾರು 1.7 ಮಿಲಿಹೆನ್ರಿ. ಮಾಡ್ಯುಲೇಶನ್ 1 ಆದರೆ ಸುಮಾರು 1.9. ನೀವು ಹಾಕಿರುವುದು 2. ಸರಿಯಾಗಿ ಅದರ ಪಕ್ಕದಲ್ಲೇ ಕೂತಿದ್ದೀರಿ! ಇಂಡಕ್ಟರನ್ನು 4 ಅಥವಾ 5 ಮಿಲಿಹೆನ್ರಿಗೆ ಏರಿಸಿ. ಕಂಟ್ರೋಲರ್ ಮುಟ್ಟದೆಯೇ 100 ಹರ್ಟ್ಸ್ ಎಷ್ಟು ಇಳಿಯುತ್ತದೆ ನೋಡಿ.

ಆಮೇಲೆ ಕಂಟ್ರೋಲರ್. ನನ್ನ ಸಲಹೆ, ಪಿಐ ತೆಗೆದು 100 ಹರ್ಟ್ಸ್‌ಗೆ ಟ್ಯೂನ್ ಮಾಡಿದ ರೆಸೊನೆಂಟ್ ಕಂಟ್ರೋಲರ್ ಹಾಕಿ. ಅದಕ್ಕೆ 100 ಹರ್ಟ್ಸ್‌ನಲ್ಲಿ ಮಾತ್ರ ಬಲ ಇರುತ್ತದೆ, ಡಿ.ಸಿ. ಭಾಗದ ತಂಟೆಗೆ ಹೋಗುವುದಿಲ್ಲ. ಅಥವಾ ಎರಡು ಪಟ್ಟು ವೇಗದಲ್ಲಿ, ಉಲ್ಟಾ ದಿಕ್ಕಿಗೆ ತಿರುಗುವ ಡಿಕ್ಯು ಫ್ರೇಮ್‌ನಲ್ಲಿ (ಕರೆಂಟಿನ ಜೊತೆಗೇ ತಿರುಗುತ್ತಾ ಅದನ್ನು ಡಿ.ಸಿ.ಯಂತೆ ನೋಡುವ ಲೆಕ್ಕದಲ್ಲಿ) ಪಿಐ ಇಡಬಹುದು. ಉಲ್ಟಾ ಯಾಕೆಂದರೆ ಈ 100 ಹರ್ಟ್ಸ್ ನೆಗೆಟಿವ್ ಸೀಕ್ವೆನ್ಸ್, ಅಂದರೆ ಅದರಲ್ಲಿ ಮೂರು ಫೇಸುಗಳ ಸರದಿ ತಿರುಗುಮುರುಗು. ಕಂಟ್ರೋಲರ್‌ನಿಂದ ಬಂದ ತಿದ್ದುಪಡಿಯನ್ನು ಎರಡೂ ಆರ್ಮ್‌ಗೆ ಒಂದೇ ಚಿಹ್ನೆಯಲ್ಲಿ ಸೇರಿಸಿ. ಆಗ ಔಟ್‌ಪುಟ್‌ಗೆ ಅದರ ಸುಳಿವೂ ಇರುವುದಿಲ್ಲ.

ಡಿ.ಸಿ. ಭಾಗವನ್ನೂ ಸುಮ್ನೆ ಬಿಡಬೇಡಿ. ಲೆಗ್ಗಿನ ಎಂಟು ಕೆಪ್ಯಾಸಿಟರ್‌ಗಳ ಸರಾಸರಿ 50 ವೋಲ್ಟಿಗಿಂತ ಕೆಳಗಿಳಿದರೆ ಡಿ.ಸಿ. ಭಾಗ ಸ್ವಲ್ಪ ಏರಬೇಕು, ಮೇಲೆ ಹೋದರೆ ಇಳಿಯಬೇಕು. ಅದಕ್ಕೊಂದು ನಿಧಾನದ ಲೂಪ್ ಹಾಕಿ. ಮೇಲಿನ ಆರ್ಮ್ ತುಂಬಿ ಕೆಳಗಿನದು ಬಡವಾದರೆ ಅದನ್ನು ಸರಿಮಾಡಲು ಸರ್ಕ್ಯುಲೇಟಿಂಗ್ ಕರೆಂಟ್‌ನಲ್ಲಿ ಒಂದು ಚೂರು 50 ಹರ್ಟ್ಸ್ ಬೇಕಾಗುತ್ತದೆ, ಫೇಸ್ ವೋಲ್ಟೇಜ್ ಜೊತೆಗೆ ಹೆಜ್ಜೆ ಹಾಕುವಂಥದ್ದು. ಅಂದರೆ ಈ ಒಳಗಿನ ಕರೆಂಟ್ ತೊಲಗಿಸಬೇಕಾದ ಕಸ ಅಲ್ಲ. ಶಕ್ತಿಯನ್ನು ಎಲ್ಲಿಂದ ಎಲ್ಲಿಗೆ ಸಾಗಿಸಬೇಕೋ ಸಾಗಿಸಲು ನಿಮ್ಮ ಕೈಯಲ್ಲಿರುವ ಸಾಧನ ಅದೊಂದೇ. ಯಾವ ಭಾಗ ಎಷ್ಟು ಇರಬೇಕು ಎಂದು ನೀವು ತೀರ್ಮಾನ ಮಾಡಬೇಕು.

ಒಂದೇ ಆರ್ಮ್‌ನ ನಾಲ್ಕು ಕೆಪ್ಯಾಸಿಟರ್‌ಗಳನ್ನು ತಮ್ಮತಮ್ಮಲ್ಲಿ ಸಮ ಇಡುವುದು ಇನ್ನೊಂದು ಕೆಲಸ, ಅದು ಸುಲಭ. ಪಂಕ್ತಿಯಲ್ಲಿ ಯಾರ ಎಲೆ ಖಾಲಿಯಿದೆಯೋ ಅವರಿಗೆ ಮೊದಲು ಬಡಿಸುವ ಹಾಗೆ. ಕರೆಂಟ್ ತುಂಬಿಸುವ ದಿಕ್ಕಿನಲ್ಲಿದ್ದರೆ ಕಡಿಮೆ ವೋಲ್ಟೇಜ್ ಇರುವುದನ್ನು ಮೊದಲು ಸೇರಿಸಿ, ಖಾಲಿ ಮಾಡುವ ದಿಕ್ಕಿನಲ್ಲಿದ್ದರೆ ಜಾಸ್ತಿ ಇರುವುದನ್ನು. ಇಲ್ಲೂ ಆರ್ಮ್ ಕರೆಂಟಿನ ದಿಕ್ಕು ಸರಿಯಾಗಿ ಗೊತ್ತಿರಬೇಕು. ಹಾಲ್ ಸೆನ್ಸರ್ ಬೇಕು ಎಂದಿದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು, ಇದನ್ನು ದಯವಿಟ್ಟು ನಿಮ್ಮ ನಾಲ್ವರೂ ಓದಿ. ಎಲ್ಲಾ ಸ್ವಿಚ್ ಆಫ್ ಇಟ್ಟು ಡಿ.ಸಿ. ಕೊಟ್ಟರೆ ಲೆಗ್ಗಿನ ಎಂಟೂ ಕೆಪ್ಯಾಸಿಟರ್ ಸರಣಿಯಲ್ಲಿ ತುಂಬುತ್ತವೆ. 200 ಭಾಗಿಸು 8, ಅಂದರೆ 25 ವೋಲ್ಟಿಗೆ ನಿಲ್ಲುತ್ತವೆ. ಅಲ್ಲಿಂದ ಮೇಲೆ ಒಂದು ಸಲಕ್ಕೆ ನಾಲ್ಕರಂತೆ ಸರದಿಯಲ್ಲಿ ಸೇರಿಸುತ್ತಾ 50ಕ್ಕೆ ಏರಿಸಬೇಕು. ಅಷ್ಟು ಹೊತ್ತೂ ತುಂಬುವ ಕರೆಂಟನ್ನು ಮಿತಿಯಲ್ಲಿಡುವ ಪ್ರೀಚಾರ್ಜ್ ರೆಸಿಸ್ಟರ್ ಲೈನ್‌ನಲ್ಲಿರಲಿ. ಆಫ್ ಮಾಡಿದ ಮೇಲೆ 24 ಕೆಪ್ಯಾಸಿಟರ್‌ಗಳಲ್ಲಿ 66 ಜೂಲ್ ಉಳಿದಿರುತ್ತದೆ. ಒಂದೊಂದಕ್ಕೂ ಬ್ಲೀಡರ್ (ಉಳಿದದ್ದನ್ನು ಇಳಿಸುವ ರೆಸಿಸ್ಟರ್) ಹಾಕಿ. ಮೀಟರ್ ಇಟ್ಟು ನೋಡದೆ ಯಾರೂ ಕೈ ಹಾಕಬಾರದು.

ಪ್ರಶ್ನೆ: ನಮ್ಮೂರ ಹತ್ತಿರ ಒಡಿಶಾದಿಂದ ಬರುವ ದೊಡ್ಡ ಡಿ.ಸಿ. ಲೈನಿನ ಸ್ಟೇಷನ್ ಇದೆ. ಬೆಂಗಳೂರಿಗೂ ಅಲ್ಲಿಂದ ಕರೆಂಟ್ ಹೋಗುತ್ತದೆ ಎನ್ನುತ್ತಾರೆ. ನೀವು ಬರೆದ ಮಲ್ಟಿಲೆವೆಲ್ ಯಂತ್ರ ಅಲ್ಲೂ ಇದೆಯೇ?
— ನಿವೃತ್ತ ಶಿಕ್ಷಕರು, ಕೋಲಾರ

ಉತ್ತರ: ಇಲ್ಲ ಸರ್, ಅದು ಬೇರೆ ಜಾತಿ. ತಾಲ್ಚೇರ್–ಕೋಲಾರ ಲೈನ್ 2003ರಲ್ಲಿ ಶುರುವಾಯಿತು. ±500 ಕಿಲೋವೋಲ್ಟ್, ಉದ್ದ 1300 ಕಿಲೋಮೀಟರಿಗೂ ಜಾಸ್ತಿ. ಮೊದಲು 2000 ಮೆಗಾವಾಟ್ ಇದ್ದದ್ದನ್ನು ಆಮೇಲೆ 2500ಕ್ಕೆ ಏರಿಸಿದರು. ಅಲ್ಲಿರುವುದು ಥೈರಿಸ್ಟರ್. ಥೈರಿಸ್ಟರನ್ನು ಆನ್ ಮಾಡುವುದು ನಮ್ಮ ಕೈಯಲ್ಲಿದೆ, ಆಫ್ ಆಗಲು ಮಾತ್ರ ಎ.ಸಿ. ಗ್ರಿಡ್ಡಿನ ವೋಲ್ಟೇಜ್ ಬೇಕು. ಲೈನಿನ ಕರೆಂಟನ್ನು ಸಾಮಾನ್ಯವಾಗಿ ಕಳಿಸುವ ತುದಿ ಹಿಡಿದಿಟ್ಟುಕೊಳ್ಳುತ್ತದೆ, ಥೈರಿಸ್ಟರನ್ನು ಎಷ್ಟು ತಡಮಾಡಿ ಆನ್ ಮಾಡಬೇಕು ಎಂಬ ಕೋನದಿಂದ. ಕೋಲಾರಕ್ಕೆ ಬಂದದ್ದು ಮತ್ತೆ ಎ.ಸಿ. ಆಗಿ ದಕ್ಷಿಣದ ಗ್ರಿಡ್ಡಿಗೆ ಸೇರುತ್ತದೆ. ಅಲ್ಲಿಂದ ಬೆಂಗಳೂರಿಗೂ ಬರುತ್ತದೆ.

ಮಲ್ಟಿಲೆವೆಲ್ ನೋಡಬೇಕಿದ್ದರೆ ತಮಿಳುನಾಡಿನ ಪುಗಲೂರಿನಿಂದ ಕೇರಳದ ತ್ರಿಶೂರಿಗೆ ಹೋಗುವ ಲೈನ್ ಇದೆ. 2021ರಲ್ಲಿ ಬಂದದ್ದು, ±320 ಕಿಲೋವೋಲ್ಟ್, 1000 ಮೆಗಾವಾಟಿನ ಎರಡು ಲಿಂಕ್. ಭಾರತದಲ್ಲಿ ಈ ಬಗೆಯ ವೋಲ್ಟೇಜ್ ಸೋರ್ಸ್ ಎಚ್‌ವಿಡಿಸಿ (ಆನ್, ಆಫ್ ಎರಡೂ ನಮ್ಮ ಕೈಯಲ್ಲಿರುವ ಸ್ವಿಚ್ಚುಗಳ ಹೈ ವೋಲ್ಟೇಜ್ ಡಿ.ಸಿ.) ಅದೇ ಮೊದಲು. ಕೇರಳದ ಕಡೆ ಒಂದಷ್ಟು ದೂರ ನೆಲದಡಿಯ ಕೇಬಲ್ಲಿನಲ್ಲಿ ಹೋಗುತ್ತದೆ. ಇಂಥ ಕನ್ವರ್ಟರಿನ ಮೂಲ ವಿನ್ಯಾಸ ಜರ್ಮನಿಯ ಪ್ರಾಧ್ಯಾಪಕ ರೈನರ್ ಮಾರ್ಕ್ವಾರ್ಟ್ ಅವರದು, 2000ದ ದಶಕದ ಆರಂಭದ್ದು. ಜಗತ್ತಿನ ಮೊದಲ ಎಂಎಂಸಿ (ಮಾಡ್ಯುಲರ್ ಮಲ್ಟಿಲೆವೆಲ್ ಕನ್ವರ್ಟರ್) ಎಚ್‌ವಿಡಿಸಿ ಲಿಂಕ್ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯಿತು, ಸಮುದ್ರದಡಿಯ ಕೇಬಲ್ ಮೂಲಕ 400 ಮೆಗಾವಾಟ್.

ಮೇಲಿನ ವಿದ್ಯಾರ್ಥಿನಿಯ ಲೆಕ್ಕವನ್ನೇ ಇಂಥ ದೊಡ್ಡ ಲಿಂಕಿಗೆ ಹಾಕಿ ನೋಡಿ. 1000 ಮೆಗಾವಾಟ್, ತುದಿಯಿಂದ ತುದಿಗೆ 640 ಕಿಲೋವೋಲ್ಟ್ ಎಂದರೆ ಡಿ.ಸಿ. ಕರೆಂಟ್ ಸುಮಾರು 1560 ಆಂಪಿಯರ್. ಒಂದೊಂದು ಲೆಗ್ಗಿಗೆ 520. ಮಾಡ್ಯುಲೇಶನ್ 0.85 ಎಂದು ಹಿಡಿದರೆ ಔಟ್‌ಪುಟ್ ಪಾಲಿನ ಶಿಖರ ಸುಮಾರು 1225. ಹಾಗಾದರೆ ಆರ್ಮ್ ಕರೆಂಟ್ ಒಂದು ಕಡೆ 1745ರವರೆಗೆ ಏರುತ್ತದೆ, ಉಲ್ಟಾ ದಿಕ್ಕಿನಲ್ಲಿ 705ರವರೆಗೆ ಹೋಗುತ್ತದೆ. ಇದರ ಮೇಲೆ 100 ಹರ್ಟ್ಸ್ ಕೂಡ ಸವಾರಿ ಮಾಡಿದರೆ ಶಿಖರ ಇನ್ನೂ ಮೇಲೆ. ಸ್ವಿಚ್ ಕೊಳ್ಳುವಾಗ ಬೆಲೆ ನಿಲ್ಲುವುದು ಆ ಶಿಖರದ ಮೇಲೆ. ಕಂಟ್ರೋಲರಿನ ಕೆಲವು ಸಾಲುಗಳಿಂದ ಕೋಟಿಗಟ್ಟಲೆ ಉಳಿತಾಯ ಆಗುವುದು ಹೀಗೆ.

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ 6.6 ಕಿಲೋವೋಲ್ಟ್ ಮೋಟರಿಗೆ ಕ್ಯಾಸ್ಕೇಡೆಡ್ ಎಚ್ ಬ್ರಿಡ್ಜ್ ಡ್ರೈವ್ (ಸೆಲ್ ಎಂಬ ಚಿಕ್ಕ ಕನ್ವರ್ಟರ್‌ಗಳನ್ನು ಸಾಲಾಗಿ ಜೋಡಿಸಿದ್ದು) ಇದೆ, ಫೇಸಿಗೆ 6 ಸೆಲ್. ಒಂದು ಸೆಲ್ ಹಾಳಾಗಿ ಬೈಪಾಸ್ ಆಯಿತು. ಮೋಟರ್ ಓಡುತ್ತಿದೆ, ಆದರೆ ಫೇಸ್ ವೋಲ್ಟೇಜ್‌ಗಳು ಸಮ ಇಲ್ಲ. ಮೋಟರಿಗೆ ಅಪಾಯವೇ? ಇಲ್ಲೂ ಸರ್ಕ್ಯುಲೇಟಿಂಗ್ ಕರೆಂಟ್ ಇದೆಯೇ?
— ಮೆಂಟೆನೆನ್ಸ್ ಟೆಕ್ನಿಷಿಯನ್, ಪೀಣ್ಯ ಎರಡನೇ ಹಂತ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಇಲ್ಲ. ನಿಮ್ಮ ಒಂದೊಂದು ಸೆಲ್ಲಿಗೂ ಟ್ರಾನ್ಸ್‌ಫಾರ್ಮರಿನ ಬೇರೆ ಬೇರೆ ಸೆಕೆಂಡರಿಯಿಂದ ಊಟ ಬರುತ್ತದೆ. ಫೇಸ್‌ಗಳ ನಡುವೆ ಒಳಗೇ ಸುತ್ತಲು ಹಾದಿ ಇಲ್ಲ.

ಮೊದಲನೆಯದು. ಮೋಟರಿನ ನ್ಯೂಟ್ರಲ್ ಎಲ್ಲಿಗೂ ಕಟ್ಟಿಲ್ಲ. ಹಾಗಾಗಿ ಅದಕ್ಕೆ ಗೊತ್ತಾಗುವುದು ಲೈನ್‌ನಿಂದ ಲೈನ್‌ಗೆ ಇರುವ ವೋಲ್ಟೇಜ್ ಮಾತ್ರ. 6, 6, 5 ಸೆಲ್ ಉಳಿದಾಗ ಡ್ರೈವ್ ಫೇಸ್‌ಗಳ ನಡುವಿನ ಕೋನವನ್ನು 120 ಡಿಗ್ರಿಯಿಂದ ಸ್ವಲ್ಪ ಸರಿಸಿ, ಲೈನ್ ವೋಲ್ಟೇಜ್‌ಗಳನ್ನು ಸಮ ಮಾಡುತ್ತದೆ. ಇದನ್ನು ನ್ಯೂಟ್ರಲ್ ಶಿಫ್ಟ್ ಎನ್ನುತ್ತಾರೆ. ನೀವು ಮೂರು ಲೈನ್ ವೋಲ್ಟೇಜ್ ಮತ್ತು ಮೂರು ಕರೆಂಟ್ ನೋಡಿ. ಅವು ಸಮ ಇದ್ದರೆ ಚಿಂತೆ ಬೇಡ. ಸಮ ಇಲ್ಲದಿದ್ದರೆ ಕೂಡಲೇ ನಿಲ್ಲಿಸಿ ತಯಾರಕರನ್ನು ಕರೆಯಿರಿ.

ಹೀಗೆ ಮಾಡಿದರೆ ಸಿಗುವ ಗರಿಷ್ಠ ವೋಲ್ಟೇಜ್ ಮೊದಲಿನ ಶೇಕಡಾ 94, ಅಂದರೆ ಸುಮಾರು 6.2 ಕಿಲೋವೋಲ್ಟ್. ಬೇರೆ ಎರಡು ಫೇಸುಗಳಲ್ಲೂ ಒಂದೊಂದು ಒಳ್ಳೆಯ ಸೆಲ್ ಬಿಟ್ಟುಕೊಟ್ಟು ಸಮ ಮಾಡುವ ಹಳೇ ವಿಧಾನದಲ್ಲಿ 5.5ಕ್ಕೇ ನಿಲ್ಲುತ್ತದೆ. ಒಂದು ಎಚ್ಚರಿಕೆ ಇದೆ. ಒಂದೇ ಫೇಸಿನಲ್ಲಿ ಹಲವು ಸೆಲ್ ಹೋಗಿ ಕೋನ ತುಂಬಾ ಸರಿದರೆ, ಲೋಡ್ ಕಡಿಮೆ ಇರುವಾಗ ಒಂದು ಫೇಸ್ ಶಕ್ತಿಯನ್ನು ಕೊಡುವ ಬದಲು ಪಡೆಯಲು ಶುರುಮಾಡಬಹುದು. ಸೆಲ್ಲಿನ ಮುಂಭಾಗದಲ್ಲಿ ಬರೀ ಡಯೋಡ್ ಇದ್ದರೆ ಅದು ವಾಪಸ್ ಹೋಗಲಾರದು, ಕೆಪ್ಯಾಸಿಟರ್ ವೋಲ್ಟೇಜ್ ಏರುತ್ತದೆ. ಹಾಗಾಗಿ ಸೆಲ್‌ಗಳ ಡಿ.ಸಿ. ವೋಲ್ಟೇಜ್ ಪುಟವನ್ನು ಆಗಾಗ ತೆರೆದು ನೋಡುತ್ತಿರಿ. ಹಾಳಾದ ಸೆಲ್ಲನ್ನು ಮುಂದಿನ ಶಟ್‌ಡೌನಿನಲ್ಲೇ ಬದಲಿಸಿ, ಓಡುತ್ತಿದೆಯಲ್ಲ ಎಂದು ಮುಂದೆ ಹಾಕಬೇಡಿ.

ಪ್ರಶ್ನೆ: ಪಿಐ ಹಳೇ ಕಾಲದ್ದು, ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ ಹಾಕಿ ಎಂದು ನಮ್ಮ ತಂಡದಲ್ಲಿ ಎಲ್ಲರೂ ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
— ಯುವ ಎಂಜಿನಿಯರ್, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಒಳ್ಳೆಯ ವಿಧಾನ. ಮುಂದಿನ ಸ್ಯಾಂಪಲ್‌ನಲ್ಲಿ ಏನಾಗುತ್ತದೆ ಎಂದು ಎಲ್ಲಾ ಆಯ್ಕೆಗಳಿಗೂ ಲೆಕ್ಕ ಹಾಕಿ, ಅತ್ಯುತ್ತಮವಾದದ್ದನ್ನು ಆರಿಸುವುದು. ಔಟ್‌ಪುಟ್ ಕರೆಂಟ್, ಸರ್ಕ್ಯುಲೇಟಿಂಗ್ ಕರೆಂಟ್ ಎರಡನ್ನೂ ಒಂದೇ ಕಡೆ ತೂಗಬಹುದು. ಆದರೆ ಆಯ್ಕೆಗಳ ಸಂಖ್ಯೆ ನೋಡಿ. ಒಂದು ಲೆಗ್ಗಿನಲ್ಲಿ 8 ಸಬ್‌ಮಾಡ್ಯೂಲ್ ಇದ್ದರೆ 256 ಬಗೆ. 40 ಇದ್ದರೆ ಅದು ಲಕ್ಷ ಕೋಟಿ ದಾಟುತ್ತದೆ. ಹಾಗಾಗಿ ಎಷ್ಟು ಸಬ್‌ಮಾಡ್ಯೂಲ್ ಬೇಕು ಎಂಬುದನ್ನು ಮಾತ್ರ ಪ್ರಿಡಿಕ್ಟಿವ್ ಲೆಕ್ಕಕ್ಕೆ ಬಿಟ್ಟು, ಯಾವುದು ಎಂಬುದನ್ನು ಸಾರ್ಟಿಂಗ್‌ಗೆ, ಅಂದರೆ ಮೇಲೆ ಹೇಳಿದ ಪಂಕ್ತಿಯ ವಿಧಾನಕ್ಕೆ, ಬಿಡಬೇಕಾಗುತ್ತದೆ. ಇನ್ನೊಂದು, ನಿಮ್ಮ ಮಾಡೆಲ್‌ನಲ್ಲಿ ಬರೆದ ಇಂಡಕ್ಟನ್ಸ್ ನಿಜವಾದದ್ದಕ್ಕಿಂತ ದೂರ ಇದ್ದರೆ ಊಹೆಯೂ ದೂರ ಹೋಗುತ್ತದೆ.

ಪಿಐ ಬಿಟ್ಟು ಓಡುವ ಮುಂಚೆ ನಿಮ್ಮ ಡಿಲೇ ಅಳೆಯಿರಿ ಎಂದು ಹೇಳುತ್ತೇನೆ. 10 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನಲ್ಲಿ ಲೆಕ್ಕಕ್ಕೆ ಒಂದು ಸ್ಯಾಂಪಲ್, ಮಾಡ್ಯುಲೇಶನ್‌ಗೆ ಅರ್ಧ, ಒಟ್ಟು 150 ಮೈಕ್ರೋಸೆಕೆಂಡ್. 500 ಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಅದಕ್ಕೆ 27 ಡಿಗ್ರಿ ಫೇಸ್ ಹೋಗುತ್ತದೆ, ಅಂದರೆ ತಿದ್ದುಪಡಿ ಅಷ್ಟು ಹಿಂದೆ ಬೀಳುತ್ತದೆ. ನೂರಾರು ಸಬ್‌ಮಾಡ್ಯೂಲ್‌ಗಳಿಗೆ ಫೈಬರ್‌ನಲ್ಲಿ ಸಂದೇಶ ಕಳಿಸುವ ಸಮಯ ಸೇರಿದರೆ ಇನ್ನೂ ಜಾಸ್ತಿ. ಪಿಐ ಕೈಕೊಟ್ಟಿತು ಎಂದು ಬರುವ ದೂರುಗಳಲ್ಲಿ ಎಷ್ಟೋ ಸಲ ನನಗೆ ಕಂಡಿರುವುದು ಲೆಕ್ಕಕ್ಕೆ ಹಿಡಿಯದ ಈ ಡಿಲೇ. ಅದು ಪ್ರಿಡಿಕ್ಟಿವ್ ಕಂಟ್ರೋಲ್‌ಗೂ ಬಿಡುವುದಿಲ್ಲ. ಅಲ್ಲೂ ಒಂದು ಹೆಜ್ಜೆ ಮುಂದಕ್ಕೆ ಊಹಿಸಿ ಸರಿದೂಗಿಸಬೇಕು. ಐಐಎಸ್‌ಸಿ ಪ್ರಾಧ್ಯಾಪಕರ ಪವರ್ ಎಲೆಕ್ಟ್ರಾನಿಕ್ಸ್ ಪಾಠಗಳು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪಿಡಬ್ಲ್ಯೂಎಂ (ಸ್ವಿಚ್ ಆನ್ ಇರುವ ಹೊತ್ತನ್ನು ಬದಲಿಸಿ ಬೇಕಾದ ವೋಲ್ಟೇಜ್ ಕಟ್ಟುವುದು) ಭಾಗವನ್ನು ತಂಡದ ಎಲ್ಲರೂ ಕೂತು ನೋಡಿ. ಆಮೇಲೆ ಒಂದೇ ಹಾರ್ಡ್‌ವೇರ್‌ನಲ್ಲಿ ಎರಡೂ ಕಂಟ್ರೋಲರ್ ಓಡಿಸಿ, ಆರ್ಮ್ ಕರೆಂಟ್ ಮತ್ತು ಸ್ವಿಚ್ಚಿನ ಬಿಸಿ ಎರಡನ್ನೂ ಅಳೆದು ನನಗೆ ಬರೆಯಿರಿ. ವೇವ್‌ಫಾರ್ಮ್ ಚಿತ್ರ ಕಳಿಸುವಾಗ ಸ್ಕೇಲ್ ಮತ್ತು ಸೊನ್ನೆಯ ಗೆರೆ ಎರಡೂ ಕಾಣುವಂತಿರಲಿ.